ಕಾರಿಗೆ ಒಂದು, ಲಾರಿಗೆ ಮೂರು

ಬೋಲ್ಟು ಮುರಿದದ್ದು ನಾನು. ಟಾರ್ಕ್ ರೆಂಚಿನ ತಪ್ಪಲ್ಲ, ಅದನ್ನು ಮಾರಿದ ಹಮೀದನ ತಪ್ಪಲ್ಲ, ಕಡಿಮೆ ಕ್ರಯದ್ದು ಆರಿಸಿದ ನನ್ನ ಮಗನ ತಪ್ಪೂ ಅಲ್ಲ. ಅರುವತ್ತೇಳು ವರ್ಷದ, ಎಪ್ಪತ್ತು ಕಿಲೋದ ಹೆಂಗಸು ಸೀರೆ ಎತ್ತಿ ಸಿಕ್ಕಿಸಿಕೊಂಡು ಕಬ್ಬಿಣದ ಕೋಲಿನ ಮೇಲೆ ಹತ್ತಿ ಹಾರಿದರೆ ಯಾವ ಬೋಲ್ಟು ಉಳಿಯುತ್ತದೆ? ಯಾಕೆ ಹಾರಿದೆ ಎಂದು ಹೇಳಬೇಕಾದರೆ ನಾನು ಹುಟ್ಟಿ ಬೆಳೆದ ಮನೆಯಿಂದ ಸುರು ಮಾಡಬೇಕು.

ಆ ಮನೆಗೆ ಇದ್ದದ್ದು ಒಂದೇ ಬಾಗಿಲು. ಪಡುಬಿದ್ರಿಯ ಹತ್ತಿರ ಹೆದ್ದಾರಿ ಬದಿಯಲ್ಲಿ ಅಪ್ಪನ ಗ್ಯಾರೇಜು. ಅದರ ಬೆನ್ನಿಗೆ ಅಂಟಿಕೊಂಡು ಎರಡು ಕೋಣೆ, ಅದೇ ಮನೆ. ಮೂರು ಬದಿಗೂ ಪಕ್ಕದವರ ಗೋಡೆ. ಒಳಗೆ ಬರುವುದೂ ಹೊರಗೆ ಹೋಗುವುದೂ ಗ್ಯಾರೇಜಿನ ಮೂಲಕವೇ. ಯಾವುದಾದರೂ ಲಾರಿ ಇಂಜಿನ್ ಬಿಚ್ಚಿ ನಿಂತಿತೆಂದರೆ ಅದರ ಹಿಂಬದಿ ನಮ್ಮ ಹೊಸ್ತಿಲಿಗೇ ತಾಗುತ್ತಿತ್ತು. ಸಾಮಾನು ಮಂಗಳೂರಿನಿಂದ ಬರಬೇಕು. ಬರುವವರೆಗೆ ನಾಲ್ಕು ದಿನವೋ ಎಂಟು ದಿನವೋ ಅಮ್ಮ ಒಳಗೆಯೇ. ನಾನು ಸಪೂರ ಇದ್ದೆ, ಲಾರಿಯ ಅಡಿಯಿಂದ ತೆವಳಿ ಹೊರಗೆ ಬಂದು, ಬೆನ್ನಿನ ಆಯಿಲು ಒರೆಸಿಕೊಂಡು ಶಾಲೆಗೆ ಹೋಗುತ್ತಿದ್ದೆ. ಬಾವಿಯ ನೀರನ್ನು ಸಣ್ಣ ಕೊಡಪಾನದಲ್ಲಿ ತುಂಬಿ ಲಾರಿಯ ಅಡಿಯಿಂದ ಒಳಗೆ ದೂಡುತ್ತಿದ್ದೆ, ಅಮ್ಮ ಆಚೆಯಿಂದ ಕೈ ಚಾಚಿ ಎಳೆದುಕೊಳ್ಳುತ್ತಿದ್ದಳು. ಉಳಿದದ್ದಕ್ಕೆ ಒಳಗೆ ಒಂದು ತಗಡಿನ ಡಬ್ಬ. ಅದನ್ನೆಲ್ಲ ಬರೆಯಬೇಡಿ ಅತ್ತೆ ಎಂದು ಸೊಸೆ ಹೇಳಿದಳು. ಬರೆದಿದ್ದೇನೆ. ಅಮ್ಮ ಅದರಲ್ಲೇ ದಿನ ಕಳೆದದ್ದು, ಬರೆಯುವುದಕ್ಕೆ ನನಗೆಂತ ನಾಚಿಕೆ?

ಒಲೆ ಒಳಗಿನ ಕೋಣೆಯ ಮೂಲೆಯಲ್ಲಿತ್ತು. ಡೀಸೆಲಿನ ವಾಸನೆ ಗಂಜಿಗೂ ಇತ್ತು, ಒಣ ಮೀನಿನ ಚಟ್ನಿಗೂ ಇತ್ತು, ನಮ್ಮ ತಲೆಕೂದಲಿಗೂ ಇತ್ತು. ಅಪ್ಪ ಮರದ ಹುಡಿ ಮತ್ತು ಚಿಮಿಣಿ ಎಣ್ಣೆಯಲ್ಲಿ ಕೈ ತಿಕ್ಕಿ ತೊಳೆದು ಊಟಕ್ಕೆ ಕೂರುತ್ತಿದ್ದರು, ಮುಖ ಯಾವಾಗಲೂ ಗ್ಯಾರೇಜಿನ ಕಡೆ. ಅವರ ಗಂಜಿ ಮುಗಿಯುವುದರೊಳಗೆ ಅಮ್ಮನಿಗೂ ಅವರಿಗೂ ಒಂದು ಜಗಳ ಆಗಲೇಬೇಕು. ಜಗಳದ ವಿಷಯವೂ ಒಂದೇ.

"ಹಿಂದೆ ಒಂದು ಬಾಗಿಲು ಒಡೆಸಿ. ಒಂದು ಜನ ಹೋಗುವಷ್ಟು ಸಾಕು. ಗೋಡೆಯವರನ್ನು ನಾನೇ ಕೇಳ್ತೇನೆ."

"ಹಿಂದಿನ ಬಾಗಿಲು ಯಾರಿಗೆ ಬೇಕು? ಕಳ್ಳರಿಗೆ."

"ನನ್ನನ್ನು ಕಳ್ಳಿ ಅಂತಲೇ ತಿಳ್ಕೊಳ್ಳಿ. ಬಾಗಿಲು ಒಡೆಸಿ."

ಒಡೆಸಲಿಲ್ಲ. ಸಾಯುವವರೆಗೂ ಒಡೆಸಲಿಲ್ಲ.

ಅಪ್ಪನ ಗ್ಯಾರೇಜಿನಲ್ಲಿ ಅಳತೆಯ ಸಲಕರಣೆ ಎಂದರೆ ನಾನು. ಚಕ್ರ ಹಾಕಿ, ನಟ್ಟುಗಳನ್ನು ಕೈಯಿಂದ ಬಿಗಿ ಮಾಡಿದ ಮೇಲೆ ಸ್ಪಾನರಿನ ಹಿಡಿಗೆ ಎರಡು ಮೊಳದ ನೀರಿನ ಪೈಪು ತೂರಿಸಿ ಕರೆಯುತ್ತಿದ್ದರು: "ಬಾ, ತೂಕ ಹಾಕು." ನಾನು ಗಾಡಿಯ ಬಾಡಿ ಹಿಡಿದು ಪೈಪಿನ ತುದಿಗೆ ಎರಡು ಕಾಲಿಟ್ಟು ಹಾರಬೇಕು. ಕಾರಿಗೆ ಒಂದು, ಲಾರಿಗೆ ಮೂರು. ನನಗೆ ಎಂಟು ವರ್ಷ ಇದ್ದಾಗ ಸುರುವಾದದ್ದು. ನಾನು ಬೆಳೆದೆ, ತೂಕ ಹೆಚ್ಚಾಯಿತು, ಲೆಕ್ಕ ಮಾತ್ರ ಹಾಗೆಯೇ ಉಳಿಯಿತು. ಮನೆಯ ಹೆಣ್ಣು ಮಗುವಿನ ಕಾಲು ತಾಗಿದ ಗಾಡಿ ದಾರಿಯಲ್ಲಿ ನಿಲ್ಲುವುದಿಲ್ಲ ಎಂದು ಅಪ್ಪ ಗಿರಾಕಿಗಳಿಗೆ ಹೇಳುತ್ತಿದ್ದರು. ಡ್ರೈವರುಗಳು ಅದನ್ನು ನಂಬಿ ನಾನು ಶಾಲೆಯಿಂದ ಬರುವವರೆಗೆ ಕಾಯುತ್ತಿದ್ದರು, ಪೆಪ್ಪರಮಿಂಟು ಕೊಡುತ್ತಿದ್ದರು. ನನಗೆ ಅದರಲ್ಲಿ ಅಹಂಕಾರ ಇತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ. ಅಮ್ಮ ಒಳಗೆ ಕೂತಿರುತ್ತಿದ್ದಳು, ನಾನು ಹೊರಗೆ ಪೈಪಿನ ಮೇಲೆ.

ಒಂದು ದಿನ ಜಗಳದಲ್ಲಿ ಅಮ್ಮ ಸೌಟು ಬಿಸಾಡಿದಳು. ಅಪ್ಪನಿಗೆ ತಾಗಲಿಲ್ಲ, ಗೋಡೆಗೆ ತಾಗಿತು. ಅವರು ಎದ್ದು ಹೊರಗೆ ಬಂದರು. ಶೀನಣ್ಣ ಎಂಬವರ ಟ್ಯಾಕ್ಸಿ ಇತ್ತು, ಹಿಂದಿನ ಚಕ್ರಕ್ಕೆ ಹೊಸ ಬೋಲ್ಟು ಹಾಕಿ ಆಗಿತ್ತು. ನನ್ನನ್ನು ಕರೆದರು. ನಾನು ಒಂದು ಹಾರಿ ಇಳಿದೆ.

"ಇನ್ನೊಂದು."

ಹಾರಿದೆ.

"ಇನ್ನೊಂದು."

"ಇದು ಕಾರಲ್ವಾ ಅಪ್ಪ?"

"ಹೇಳಿದಷ್ಟು ಹಾರು."

ಅವರು ನಟ್ಟಿನ ಕಡೆ ನೋಡುತ್ತಲೇ ಇರಲಿಲ್ಲ. ಮನೆಯ ಬಾಗಿಲ ಕಡೆ ನೋಡುತ್ತಿದ್ದರು. ಒಂದೊಂದು ನಟ್ಟಿಗೂ ಮೂರು ಹಾರಿದೆ. ಮೂರನೆಯದ್ದರಲ್ಲಿ ನಟ್ಟು ಮೆತ್ತಗೆ ತಿರುಗುತ್ತಿತ್ತು, ಬೆಲ್ಲ ಎಳೆದ ಹಾಗೆ. ಬೋಲ್ಟು ಎಳೆದುಕೊಂಡು ಸಾಯುವಾಗ ಹಾಗೆ ತಿರುಗುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಸಂಜೆ ಸೇತುವೆಯ ತಿರುವಿನಲ್ಲಿ ಟ್ಯಾಕ್ಸಿಯ ಆ ಚಕ್ರವೇ ಕಳಚಿತು. ಒಂದು ಬೋಲ್ಟು ಹೋಗಿ, ಅದರ ಭಾರ ಉಳಿದದ್ದಕ್ಕೆ ಬಿದ್ದು, ಒಂದೊಂದಾಗಿ ಎಲ್ಲ ಹೋಗಿದ್ದವು. ಶೀನಣ್ಣನ ಕಾಲು ಮುರಿಯಿತು. ಮರುದಿನ ಅವರ ತಮ್ಮ ಬಂದ, ಬೋಲ್ಟು ಮಾರಿದ ಬಾಬಣ್ಣನನ್ನೂ ಕರೆದುಕೊಂಡೇ ಬಂದ.

"ಬೋಲ್ಟು ಡೂಪ್ಲಿಕೇಟು," ಎಂದರು ಅಪ್ಪ. "ಬೇಕಾದರೆ ಮಗಳನ್ನೇ ಕೇಳಿ, ತೂಕ ಹಾಕಿದ್ದು ಅವಳು. ಎಷ್ಟು ಹಾರಿದೆ ಮಗಾ?"

ಬಾಬಣ್ಣ ನನ್ನ ಮುಖ ನೋಡಿದರು. ಅಮ್ಮ ಬಾಗಿಲ ಸಂದಿನಿಂದ ನೋಡುತ್ತಿದ್ದಳು.

"ಒಂದು," ಎಂದೆ.

ಅಷ್ಟೇ. ಆರು ತಿಂಗಳಲ್ಲಿ ಬಾಬಣ್ಣನ ಅಂಗಡಿ ಮುಚ್ಚಿತು, ಲಾರಿಯವರು ಯಾರೂ ಅಲ್ಲಿಗೆ ಹೋಗುವುದನ್ನು ಬಿಟ್ಟಿದ್ದರು. ಅವರ ಮಗಳು ವಸಂತಿ ನಾಲ್ಕನೇ ಕ್ಲಾಸಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ದಿನಾ ಗಂಟೆ ಹೊಡೆದ ಮೇಲೆ ಕೇಳುತ್ತಿದ್ದಳು, ಬೈಯುತ್ತಿರಲಿಲ್ಲ, ಬರೇ ಕೇಳುತ್ತಿದ್ದಳು: "ನಿಜ ಹೇಳು, ಎಷ್ಟು ಹಾರಿದ್ದು?" ನಾನು ಶಾಲೆಗೆ ಹೋಗುವುದಿಲ್ಲ ಎಂದೆ. ಅಪ್ಪ ಬೇಡ ಎನ್ನಲಿಲ್ಲ, ಅಮ್ಮ ಅತ್ತಳು. ನನ್ನನ್ನು ಯಾರೋ ಶಾಲೆ ಬಿಡಿಸಿದರು ಎಂದು ನನ್ನ ಮಕ್ಕಳು ಇವತ್ತಿಗೂ ತಿಳಿದಿದ್ದಾರೆ. ನಾನೇ ಬಿಟ್ಟದ್ದು. ಆಮೇಲೆ ಎರಡೇ ವರ್ಷದಲ್ಲಿ ನಾನು ದಪ್ಪ ಆದೆ, ಲಾರಿಯ ಅಡಿಯಿಂದ ತೆವಳಲು ಆಗದೆ ಹೋಯಿತು. ಮದುವೆ ಆಗುವವರೆಗೆ ಅಮ್ಮನೂ ನಾನೂ ಇಬ್ಬರೂ ಒಳಗೆ.

ಈಗ ಇರುವುದು ಕುವೈತಿನಲ್ಲಿ, ಮಹಬೂಲಾದ ಒಂದು ಕಟ್ಟಡದ ಹನ್ನೊಂದನೇ ಮಾಳಿಗೆ. ಗಂಡ ತೀರಿಕೊಂಡ ಮೇಲೆ ಮಗ ದಿನೇಶ ಕರೆಸಿಕೊಂಡ. ಅವನಿಗೆ ಸಿಟಿಯಲ್ಲಿ ಬ್ಯಾಂಕಿನ ಕೆಲಸ, ಸೊಸೆ ವಿದ್ಯಾಗೆ ಹಲ್ಲಿನ ಕ್ಲಿನಿಕ್ಕಿನಲ್ಲಿ. ಮೊಮ್ಮಗಳು ಆನ್ವಿಗೆ ಹನ್ನೊಂದು ವರ್ಷ, ನಾನು ಹೇಳಿದ್ದು ಅರ್ಥ ಆಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಒಳ್ಳೆಯ ಮನೆ, ತಣ್ಣಗಿರುತ್ತದೆ. ಇಲ್ಲಿಯೂ ಬಾಗಿಲು ಒಂದೇ, ಮುಚ್ಚಿದರೆ ತಾನೇ ಬೀಗ ಬೀಳುತ್ತದೆ. ಧೂಳು ಬರುತ್ತದೆಂದು ಕಿಟಕಿ ತೆಗೆಯುವ ಹಾಗಿಲ್ಲ. ಸಮುದ್ರ ಕಾಣುತ್ತದೆ, ಗಾಜಿನ ಆಚೆ. ಬಂದ ಹೊಸತರಲ್ಲಿ ಒಮ್ಮೆ ಒಬ್ಬಳೇ ಸಮುದ್ರ ನೋಡಲು ಇಳಿದು ಹೋದೆ. ತಿರುಗಿ ಬರುವಾಗ ಎಲ್ಲ ಕಟ್ಟಡ ಒಂದೇ ತರ ಕಂಡವು. ಎರಡು ಗಂಟೆ ಬಿಸಿಲಿನಲ್ಲಿ ಸುತ್ತಿದೆ. ಕಡೆಗೆ ನಮ್ಮ ಕಟ್ಟಡ ನೋಡಿಕೊಳ್ಳುವ ಹಾರಿಸ್ ನನ್ನ ಗುರುತು ಹಿಡಿದು ಕರೆತಂದ. ಅಂದಿನಿಂದ ಕೀ ನನ್ನ ಕೈಗೆ ಕೊಡುವುದಿಲ್ಲ. ಅವರ ಹೆದರಿಕೆ ಸುಳ್ಳಲ್ಲ, ಅದು ನನಗೂ ಗೊತ್ತು. ಬೆಳಿಗ್ಗೆ ಏಳಕ್ಕೆ ಮೂವರೂ ಹೋಗುತ್ತಾರೆ. ಸಂಜೆಯವರೆಗೆ ನಾನು ಎರಡು ಕೋಣೆ, ಒಂದು ಹಾಲ್ ಮತ್ತು ಫ್ರಿಜ್ಜಿನ ನಡುವೆ ತಿರುಗುತ್ತೇನೆ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಶುಕ್ರವಾರ ಕಾರಿನಲ್ಲಿ ಕರೆದುಕೊಂಡು ಹೋದರೆ ಹೊರಗೆ, ಇಲ್ಲದಿದ್ದರೆ ಇಲ್ಲ.

ಅಂಥ ಕಾರು ಜೂನ್ ತಿಂಗಳಿನಲ್ಲಿ ಹೈವೇಯಲ್ಲಿ ಪಂಚರ್ ಆಯಿತು. ವಿದ್ಯಾ ಮತ್ತು ಮಗು ಇಬ್ಬರೇ ಇದ್ದರು. ಹಿಂದಿನ ವಾರ ಗ್ಯಾರೇಜಿನವ ಗಾಳಿಯ ಗನ್ನಿನಲ್ಲಿ ನಟ್ಟುಗಳನ್ನು ಎಷ್ಟು ಬಿಗಿ ಹೊಡೆದಿದ್ದನೆಂದರೆ ಒಂದೂ ಬಿಚ್ಚಲು ಬರಲಿಲ್ಲ. ಸಹಾಯಕ್ಕೆ ಜನ ಬರುವವರೆಗೆ ಒಂದೂವರೆ ಗಂಟೆ ಆ ಬಿಸಿಲಿನಲ್ಲಿ ನಿಂತರು, ಮಗು ವಾಂತಿ ಮಾಡಿತು. ಅವತ್ತೇ ದಿನೇಶ ಹೇಳಿದ, ಇನ್ನು ಚಕ್ರದ ಕೆಲಸ, ಬ್ರೇಕಿನ ಕೆಲಸ ನಾನೇ ಮಾಡ್ತೇನೆ ಎಂದು. ಒಂದು ವಾರ ಮೊಬೈಲಿನಲ್ಲಿ ಅದನ್ನೇ ನೋಡಿದ. ಒಂದು ಟಾರ್ಕ್ ರೆಂಚ್ ಬೇಕು ಎಂದ. ನಟ್ಟನ್ನು ಎಷ್ಟು ಬಿಗಿ ಮಾಡಬೇಕೋ ಅಷ್ಟಾದ ಕೂಡಲೇ ಟಿಕ್ ಎಂದು ಹೇಳುವ ಸ್ಪಾನರು ಅದು.

ಗುರುವಾರ ಸಂಜೆ ಗಾಡಿ ಸಾಮಾನಿನ ಅಂಗಡಿಗಳಿರುವ ಶುವೈಖಿಗೆ ಹೋದೆವು, ನಾನೂ. ಅಂಗಡಿಯ ಹಮೀದ್ ನಮ್ಮ ಉಳ್ಳಾಲದವ, ನನ್ನ ಸೀರೆ ನೋಡಿ ತುಳುವಿನಲ್ಲೇ ಮಾತಾಡಿಸಿದ. ದಿನೇಶನ ಕಣ್ಣು ಅಂಕಿ ಹೊಳೆಯುವ ಬ್ಯಾಟರಿಯದ್ದರ ಮೇಲೆ. ವಿದ್ಯಾ ಅದರ ಕ್ರಯದ ಚೀಟಿ ನೋಡಿ, "ಇದರ ಬದಲು ಹೊಸ ಕಾರೇ ತಗೊಳ್ಳುವ," ಎಂದಳು.

"ಬ್ಯಾಟರಿಯದ್ದು ಬೇಡ ಸಾರ್," ಎಂದ ಹಮೀದ್. "ಇಲ್ಲಿನ ಸೆಕೆಗೆ ಅದು ನಿಮ್ಮ ಕಾರಿಗಿಂತ ಮೊದಲು ಸಾಯ್ತದೆ. ಮುಳ್ಳಿನದ್ದು ಎಲ್ಲಕ್ಕಿಂತ ಕಡಿಮೆ, ಹಾಳೂ ಆಗುವುದಿಲ್ಲ, ಆದರೆ ನೆಲದಲ್ಲಿ ಬಗ್ಗಿ ಮುಳ್ಳನ್ನು ನೇರ ನೋಡಬೇಕು. ಓರೆಯಿಂದ ನೋಡಿದರೆ ತಪ್ಪು ತೋರಿಸ್ತದೆ. ನಿಮ್ಮ ಕಾರಿನ ನಟ್ಟಿಗೆ ಎಷ್ಟು ಬಿಗಿ ಬೇಕು?"

"ನೂರ ಮೂರು," ಎಂದ ದಿನೇಶ. ಪುಸ್ತಕದಲ್ಲಿ ನೋಡಿ ಬಂದಿದ್ದ.

"ಹಾಗಾದರೆ ಈ ಟಿಕ್ ಅನ್ನುವುದು ತಗೊಳ್ಳಿ. ನಲವತ್ತರಿಂದ ಇನ್ನೂರ ಹತ್ತು. ನಿಮ್ಮ ನಂಬರು ನಡುವಿನಲ್ಲಿ ಬರಬೇಕು, ತುದಿಯಲ್ಲಿ ಬಂದರೆ ನಂಬಲಿಕ್ಕಾಗುವುದಿಲ್ಲ. ಹೆಸರಿನ ಕಂಪೆನಿಯದ್ದಲ್ಲ, ಆದರೆ ಪೆಟ್ಟಿಗೆಯಲ್ಲಿ ಪರೀಕ್ಷೆ ಮಾಡಿದ ಚೀಟಿ ಉಂಟು. ಚೀಟಿಯ ನಂಬರೂ ಹಿಡಿಯ ನಂಬರೂ ಒಂದೇ ಉಂಟಾ ನೋಡಿ. ಅದರ ಆಚೆಯದ್ದು ಇನ್ನೂ ಕಡಿಮೆ, ಅದಕ್ಕೆ ಚೀಟಿ ಇಲ್ಲ. ಅದನ್ನು ನಾನು ನಿಮಗೆ ಕೊಡುವುದಿಲ್ಲ."

ದಿನೇಶ ಹಿಡಿಯನ್ನು ತಿರುಗಿಸಿ ನೋಡಿದ, ಗೀಟುಗಳು ಸ್ಪಷ್ಟ ಕಾಣುತ್ತವಾ, ಇಟ್ಟ ಅಂಕಿ ಜಾರದಂತೆ ತಡೆಯುವ ಬೀಗದ ಬಳೆ ಅಲ್ಲಾಡುತ್ತದಾ ಎಂದು. ನನ್ನ ಕೈಗೂ ಕೊಟ್ಟ. ಒಳ್ಳೆ ತೂಕ ಇತ್ತು. ಹಮೀದ್ ಬೆರಳು ಮಡಚಿ ಹೇಳಿದ: ಬಿಚ್ಚಲಿಕ್ಕೆ ಇದನ್ನು ಹಾಕಬೇಡಿ, ಕೆಲಸ ಮುಗಿದ ಮೇಲೆ ತಿರುಗಿಸಿ ಎಲ್ಲಕ್ಕಿಂತ ಕೆಳಗಿನ ಗೀಟಿಗೆ ತಂದಿಡಿ, ಐವತ್ತು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ, ಟಿಕ್ ಅಂದ ಮೇಲೆ ಒಂದು ನೂಲಿನಷ್ಟೂ ತಿರುಗಿಸಬೇಡಿ.

"ಟಿಕ್ ಅಂದ ಮೇಲೆ ಒಂದು ತೂಕ ಹಾಕುವುದಿಲ್ಲವಾ?" ಎಂದು ಕೇಳಿದೆ.

ಹಮೀದ್ ನಕ್ಕ. "ಅದೆಲ್ಲ ಊರಿನ ಲಾರಿಗೆ ಅಮ್ಮ."

ನಾನು ನಗಲಿಲ್ಲ. ನಿನ್ನೆ ಮೊನ್ನೆಯ ಹುಡುಗನಿಗೆ ಗಾಡಿಯ ವಿಷಯ ಎಂತ ಗೊತ್ತು ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಅವನಿಗೆ ಐವತ್ತು ವರ್ಷ.

ಶುಕ್ರವಾರ ಬೆಳಿಗ್ಗೆ ದಿನೇಶ ಕೆಳಗಿನ ಪಾರ್ಕಿಂಗಿನಲ್ಲಿ ಹಿಂದಿನ ಎರಡು ಚಕ್ರ ಬಿಚ್ಚಿ ಬ್ರೇಕ್ ಪ್ಯಾಡ್ ಬದಲಿಸಿದ. ಟಾರ್ಚು ಹಿಡಿಯಲು ನಾನು ಬರುತ್ತೇನೆ ಎಂದೆ, ಕರೆದುಕೊಂಡು ಹೋದ. ಕುವೈತಿಗೆ ಬಂದ ಮೇಲೆ ನನಗೆ ಸಿಕ್ಕಿದ ಮೊದಲ ಕೆಲಸ ಅದು. ಆಯಿಲಿನ ವಾಸನೆ, ಸಿಮೆಂಟಿನ ನೆಲ, ಜ್ಯಾಕಿನ ಕಿರುಗುಟ್ಟುವಿಕೆ. ಇನ್ನು ಪ್ರತಿ ತಿಂಗಳು ನೀನೇ ಟಾರ್ಚಿಗೆ ಅಮ್ಮ ಎಂದ. ನನಗೆ ಅದು ಎಷ್ಟು ದೊಡ್ಡದಾಗಿತ್ತು ಎಂದು ಅವನಿಗೆ ಗೊತ್ತಿಲ್ಲ. ಒಂದೊಂದು ನಟ್ಟಿಗೂ ಟಿಕ್ ಎಂದಿತು, ಅವನು ಅಲ್ಲಿಗೇ ಬಿಟ್ಟ. ನನಗೆ ತಡೆಯಲಿಲ್ಲ. ಇವನು ಅರ್ಧಕ್ಕೆ ಬಿಟ್ಟಿದ್ದಾನೆ, ಇದರಲ್ಲಿ ಮಗು ಹೋಗಬೇಕು, ಚಕ್ರ ಸಡಿಲಾದರೆ? ಅವನು ಹಾರಿಸ್‌ನ ಕೋಣೆಯ ನಲ್ಲಿಯಲ್ಲಿ ಕೈ ತೊಳೆಯಲು ಹೋದ, "ಅಲ್ಲೇ ಕೂತಿರು, ಹತ್ತು ನಿಮಿಷ," ಎಂದು. ನಾನು ಎದ್ದು ಬಲದ ಚಕ್ರದ ಕ್ಯಾಪು ತೆಗೆದು, ರೆಂಚನ್ನು ಅಡ್ಡ ಸಿಕ್ಕಿಸಿ, ಕಾರಿನ ಮಾಡು ಹಿಡಿದು ಹತ್ತಿದೆ. ಕಾರಿಗೆ ಒಂದು. ಮೂರು ನಟ್ಟು ಆಯಿತು. ನಾಲ್ಕನೆಯದ್ದು ಮೆತ್ತಗೆ ತಿರುಗಿತು. ಇದು ನಿಜವಾಗಿ ಸಡಿಲ ಇತ್ತು ನೋಡು ಎಂದು ಇನ್ನೊಂದು ಹಾರಿದೆ. ಮತ್ತೂ ತಿರುಗಿತು. ಮತ್ತೊಂದು ಹಾರಿದೆ. ಟಪ್ಪೆಂದಿತು. ನಟ್ಟು, ಅದರೊಳಗೆ ಬೋಲ್ಟಿನ ತುಂಡು, ಎರಡೂ ನನ್ನ ಕಾಲ ಹತ್ತಿರ ಬಿದ್ದವು. ಎಂಟು ವರ್ಷದವಳ ಲೆಕ್ಕವನ್ನು ಎಪ್ಪತ್ತು ಕಿಲೋದಲ್ಲಿ ಹಾರಿದ್ದೆ.

ತುಂಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕ್ಯಾಪು ಒತ್ತಿ ಹಾಕಿದೆ. ಕೂತೆ. ಅವನು ಬಂದಾಗ ಟಾರ್ಚು ನನ್ನ ಮಡಿಲಿನಲ್ಲಿತ್ತು. ಹೇಳಿದರೆ ಮತ್ತೆ ನನ್ನನ್ನು ಕೆಳಗೆ ಇಳಿಸುವುದಿಲ್ಲ, ಇಷ್ಟೇ ನನ್ನ ಮಂಡೆಯಲ್ಲಿದ್ದದ್ದು. ಮಗುವಿನ ವಿಚಾರ ಆಮೇಲೆ ಬಂದದ್ದು. ಓದಿದವರು ಬೈಯಲಿ.

ಸಂಜೆ ಫಹಾಹೀಲ್ ದಾಟಿ ದೂರದ ಸಮುದ್ರ ತೀರಕ್ಕೆ ಹೋಗುವ ಎಂದರು. ನನಗೆ ತಲೆನೋವು, ಇವತ್ತು ಬೇಡ ಎಂದೆ.

"ಆರು ದಿನ ಹೊರಗೆ ಕರ್ಕೊಂಡು ಹೋಗಿ ಅಂತ ಬೊಬ್ಬೆ ಹಾಕ್ತೀರಿ, ಈಗ ತಲೆನೋವಾ ಅತ್ತೆ?" ಎಂದಳು ವಿದ್ಯಾ. "ನೀವು ಮಲಗಿ, ನಾವು ಮೂವರು ಹೋಗಿ ಬರ್ತೇವೆ."

ಅದಕ್ಕೆ ನಾನು ಎದ್ದು ಹೊರಟೆ. ಬಲಗಡೆ ಹಿಂದಿನ ಸೀಟು, ಆ ಚಕ್ರದ ಮೇಲೆಯೇ. ಆದದ್ದು ನನ್ನ ಎದುರಿಗೇ ಆಗಲಿ ಎಂದು ಕೂತೆ. ಬಾಗಿಲಿನ ಬೀಗ ತಾನೇ ಬಿತ್ತು. ಹೋಗಿ ಬರುವ ದಾರಿಯಿಡೀ ಸೀಟಿನ ಅಡಿಯ ಶಬ್ದಕ್ಕೆ ಕಿವಿ ಕೊಟ್ಟೆ. ದಿನೇಶ ನೂರರ ಮೇಲೆ ಓಡಿಸುತ್ತಿದ್ದ. ನಿಧಾನ ಎಂದರೆ ನಗುತ್ತಿದ್ದ. ಆನ್ವಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. "ಅಜ್ಜಿ, ವಾಟ್ ಆರ್ ಯು ಲಿಸನಿಂಗ್ ಟು?" ಎಂದು ಕೇಳಿದಳು. ಎಸಿಯ ಶಬ್ದ ಜೋರುಂಟು ಎಂದೆ. ಸೊಂಟದಲ್ಲಿ ಆ ತುಂಡು ಒತ್ತುತ್ತಿತ್ತು. ಸಮುದ್ರದ ಹತ್ತಿರ ಇಳಿದೆ, ನೀರು ನೋಡಲಿಲ್ಲ, ಚಕ್ರ ನೋಡಿದೆ.

ತಿರುಗಿ ಬಂದ ಮೇಲೆ, ಹಮೀದ್ ಹೇಳಿದ್ದ ಹಾಗೆ, ದಿನೇಶ ಇನ್ನೊಮ್ಮೆ ನೋಡಲು ಕ್ಯಾಪು ತೆಗೆದ. ಐದರಲ್ಲಿ ನಾಲ್ಕೇ ನಟ್ಟು.

"ಕಡಿಮೆ ಕ್ರಯದ್ದು ಅಂತ ತಗೊಂಡದ್ದಕ್ಕೆ ಸರಿಯಾಯ್ತು," ಎಂದ. ಮುಖ ಬೆಳ್ಳಗಾಗಿತ್ತು. "ನೂರ ಮೂರು ಅಂತ ತೋರಿಸಿ ಎಷ್ಟು ಎಳೆದಿದೆಯೋ! ಬೋಲ್ಟೇ ತುಂಡಾಗಿದೆ. ನಾಳೆ ಬೆಳಿಗ್ಗೆ ಟ್ಯಾಕ್ಸಿ ಮಾಡಿ ಹೋಗಿ ಅವನ ಮುಖಕ್ಕೆ ಬಿಸಾಡ್ತೇನೆ. ನಮ್ಮ ಊರಿನವರ ಎಲ್ಲ ಗ್ರೂಪಿನಲ್ಲೂ ಹಾಕ್ತೇನೆ, ಒಬ್ಬನೂ ಆ ಅಂಗಡಿಗೆ ಹೋಗಬಾರದು."

"ಚೀಟಿ, ಪರೀಕ್ಷೆ ಅಂತ ಎಷ್ಟು ಚಂದ ಮಾತಾಡಿದ ಅಲ್ವಾ," ಎಂದಳು ವಿದ್ಯಾ. "ಭಾನುವಾರ ಮಗುವನ್ನು ಶಾಲೆಗೆ ಬಿಡಬೇಕು, ಕಾರು?"

"ನಾಲ್ಕು ಗಟ್ಟಿ ಉಂಟು. ಒಂದು ದಿನಕ್ಕೆ ಏನೂ ಆಗುವುದಿಲ್ಲ. ಸೋಮವಾರ ಸರಿ ಮಾಡಿಸ್ತೇನೆ."

ನಾಲ್ಕರಲ್ಲಿ ಮೂರಕ್ಕೆ ನಾನು ಹಾರಿದ್ದೆ. ಅದು ಅವನಿಗೆ ಗೊತ್ತಿಲ್ಲ. ಸೊಂಟದ ತುಂಡಿನ ಮೇಲೆ ಸೆರಗು ಎಳೆದುಕೊಂಡೆ. ಲಿಫ್ಟಿನಲ್ಲಿ ನಾಲ್ವರೂ ಮೇಲೆ ಬಂದೆವು, ಗಂಜಿ ಉಂಡೆವು. ಅಮ್ಮ ಬಾಗಿಲ ಸಂದಿನಿಂದ ನೋಡಿದ್ದು ಆಗಾಗ ಕಣ್ಣೆದುರು ಬಂತು. ಅವಳು ಆ ದಿನ ಎಲ್ಲ ನೋಡಿದ್ದಳು, ಎಷ್ಟು ಹಾರಿದೆ ಎಂದು ಎಣಿಸಿಯೂ ಇದ್ದಿರಬೇಕು. ಸಾಯುವವರೆಗೆ ಒಂದು ಮಾತು ಆಡಲಿಲ್ಲ.

ಶನಿವಾರ ಬೆಳಿಗ್ಗೆ ದಿನೇಶ ರೆಂಚಿನ ಪೆಟ್ಟಿಗೆ ಹಿಡಿದು ಚಪ್ಪಲಿ ಹಾಕುವಾಗ ನಾನು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದೆ. ನೀನು ಯಾಕೆ ಅಮ್ಮ, ಅಲ್ಲಿ ಜಗಳ ಆಗ್ತದೆ ಎಂದ. ಜಗಳ ನೋಡದವಳಾ ನಾನು ಎಂದು ಲಿಫ್ಟಿನ ಗುಂಡಿ ಒತ್ತಿದೆ. ಅಂಗಡಿಯಲ್ಲಿ ಬೇರೆ ಗಿರಾಕಿಗಳು ಇಬ್ಬರಿದ್ದರು. ದಿನೇಶ ಪೆಟ್ಟಿಗೆಯನ್ನು ಗಾಜಿನ ಮೇಲೆ ಕುಕ್ಕಿ, "ನೋಡು ಭಾಯಿ" ಎಂದು ಸ್ವರ ಎತ್ತಿದ. ನಾನು ಸೊಂಟದಿಂದ ತುಂಡು ತೆಗೆದು ಪೆಟ್ಟಿಗೆಯ ಪಕ್ಕದಲ್ಲಿಟ್ಟೆ.

"ಮುರಿದದ್ದು ನಾನು," ಎಂದೆ. "ಇವನು ಸರಿ ಮಾಡಿದ್ದ. ಇವನು ಕೈ ತೊಳೆಯಲು ಹೋದಾಗ ನಾನು ರೆಂಚಿನ ಮೇಲೆ ಹತ್ತಿದೆ. ಆ ಚಕ್ರದ ಉಳಿದ ಮೂರಕ್ಕೂ ಹತ್ತಿದ್ದೇನೆ. ಅದರ ಎಲ್ಲ ಬೋಲ್ಟು ಬದಲಿಸುವವರೆಗೆ ಆ ಕಾರು ನೆಲಮಾಳಿಗೆಯಿಂದ ಹೊರಗೆ ಬರಬಾರದು."

ದಿನೇಶ ನನ್ನನ್ನು ನೋಡಿದ. ಮುಖದಲ್ಲಿ ಸಿಟ್ಟು ಇನ್ನೂ ಬಂದಿರಲಿಲ್ಲ, ಬರುವ ದಾರಿಯಲ್ಲಿತ್ತು. ಹಮೀದ್ ತುಂಡನ್ನು ಎತ್ತಿ, ಎಳೆದು ಸಪೂರವಾಗಿದ್ದ ಜಾಗವನ್ನು ಉಗುರಿನಿಂದ ಮುಟ್ಟಿ ನೋಡಿದ. ರೆಂಚನ್ನು ಪೆಟ್ಟಿಗೆಯಿಂದ ತೆಗೆದು ಕೈಯಲ್ಲಿ ತೂಗಿದ.

"ಇದಕ್ಕೆ ಎಷ್ಟು ಹಾರಿದ್ರಿ ಅಮ್ಮ?"

"ಮೂರು," ಎಂದೆ.